ಹೈವೇಗೆ ಹೋಗುವ ಹೊಲ ನಿಜವಾಗಿ ಎಷ್ಟು ಗುಂಟೆ? ನೀವೇ ಲೆಕ್ಕ ಹಾಕಿ

ಹೈವೇಗೆ ಜಮೀನು ಹೋಗುತ್ತದೆ ಅಂತ ಸುದ್ದಿ ಬಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು, 'ನಿಂದೆಷ್ಟು ಹೋಯ್ತು?' ನೋಟಿಸಿನಲ್ಲಿರುವ ಗುಂಟೆ ಹೇಳಿ ಸುಮ್ಮನಾಗುತ್ತೇವೆ. ಆದರೆ ಬೇಸಾಯದಿಂದ ಕೈಬಿಟ್ಟು ಹೋಗುವ ನೆಲ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಅದನ್ನು ಮೊದಲೇ ಅಳೆದಿಟ್ಟುಕೊಳ್ಳಬೇಕು.

ಮನೆಯಲ್ಲಿ ಮಕ್ಕಳ ಲೆಕ್ಕದ ಚೌಕುಳಿ ನೋಟ್‌ಬುಕ್ ಇದ್ದರೆ ತಗೊಳ್ಳಿ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಾಗಾಗಿ ಒಂದು ಚೌಕ ಒಂದು ಗುಂಟೆ, 40 ಚೌಕ ಒಂದು ಎಕರೆ. ಪಹಣಿಯ 3ನೇ ಕಾಲಂನಲ್ಲಿ ಖರಾಬು (ಬೇಸಾಯಕ್ಕೆ ಬಾರದ ನೆಲ) ಕಳೆದು ಉಳಿದ ವಿಸ್ತೀರ್ಣ ಇರುತ್ತದೆ. ಸರ್ವೆ ನಕ್ಷೆ ನೋಡಿಕೊಂಡು ಹೊಲದ ಆಕಾರ ಬರೆಯಿರಿ. ಬೋರ್‌ವೆಲ್, ಪೈಪ್‌ಲೈನ್, ಗಾಡಿದಾರಿ, ಮಳೆನೀರು ಹರಿಯುವ ದಿಕ್ಕು ಎಲ್ಲವನ್ನೂ ಗುರುತು ಮಾಡಿ.

ಈಗ ರಸ್ತೆ ಎಳೆಯಿರಿ. ನಾಲ್ಕು ಪಥದ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲದ ಜಾಗ ಬೇಕು. ಅಂದರೆ ಸುಮಾರು 197 ಅಡಿ, ನಮ್ಮ ಪುಸ್ತಕದಲ್ಲಿ ಆರು ಚೌಕ. ಎರಡು ಎಕರೆ ಹೊಲ, 10 ಚೌಕ ಉದ್ದ, 8 ಚೌಕ ಅಗಲ ಅಂದುಕೊಳ್ಳಿ. ರಸ್ತೆ ಅಡ್ಡಡ್ಡ ಹಾದರೆ ಆರೆಂಟ್ಲ 48 ಗುಂಟೆ, 1 ಎಕರೆ 8 ಗುಂಟೆ ಹೋಯಿತು. ನೋಟಿಸಿನಲ್ಲಿ ಇರುವುದು ಇಷ್ಟೇ. (ಊರಿನ ಎಲ್ಲೆಯೊಳಗೆ ಇಂಥ ರಸ್ತೆ ಒಂದು ಕಿಲೋಮೀಟರ್ ಹೋದರೆ 6 ಹೆಕ್ಟೇರ್, ಹತ್ತಿರ ಹತ್ತಿರ 15 ಎಕರೆ.)

ಕಾಗದದ ಪ್ರಕಾರ ಇನ್ನೂ 32 ಗುಂಟೆ ಉಳಿದಿದೆ. ಆದರೆ ಅದು ಒಂದೇ ಕಡೆ ಇಲ್ಲವಲ್ಲ! ಈಚೆ 24, ಆಚೆ 8. ಬೋರ್‌ವೆಲ್ ಆಚೆ ಸಿಕ್ಕಿಕೊಂಡರೆ ಈಚೆಯ 24 ಗುಂಟೆಗೆ ನೀರಿಲ್ಲ. ಆಚೆಯ ತುಂಡು ಬರೀ 33 ಅಡಿ ಅಗಲದ ಪಟ್ಟಿ. ಉದ್ದಕ್ಕೆ ಉಳಬಹುದು, ಅಡ್ಡ ಹೊಡೆಯಲು ಹೋದರೆ ಟ್ರ್ಯಾಕ್ಟರ್ ತಿರುಗಿಸುವುದರಲ್ಲೇ ನೆಲ ಮುಗಿಯುತ್ತದೆ. ಹೊಸಕೋಟೆ, ಮಾಲೂರು ಮೇಲೆ ಹಾದಿರುವ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಥರದ ರಸ್ತೆಯಾದರೆ ಬೇಕೆಂದಲ್ಲಿ ದಾಟುವಂತೆಯೂ ಇಲ್ಲ. ಗೊಬ್ಬರದ ಗಾಡಿ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಬೇಕು. ರಸ್ತೆ ಓರೆಯಾಗಿ ಹೋದರಂತೂ ಮೂಲೆ ಮೂಲೆಯಲ್ಲಿ ತ್ರಿಕೋನದ ಚೂರುಗಳು. ಇವನ್ನೆಲ್ಲ ಬೇರೆ ಬಣ್ಣದಲ್ಲಿ ತುಂಬಿ.

ನೀರು ನಿಲ್ಲುವ ಜಾಗಕ್ಕೆ ಮತ್ತೊಂದು ಬಣ್ಣ. ರಸ್ತೆಯನ್ನು ಕೆರೆ ಏರಿಯ ಹಾಗೆ ಎತ್ತರಿಸುತ್ತಾರೆ. ಮೋರಿ ಸರಿಯಾದ ಕಡೆ ಇಲ್ಲದಿದ್ದರೆ ಇಳಿಜಾರಿಗೆ ಹೋಗುತ್ತಿದ್ದ ಮಳೆನೀರು ಹೊಲದಲ್ಲೇ ನಿಂತು ರಾಗಿ ಕೊಳೆಯುತ್ತದೆ. ರಸ್ತೆಯ ಚೌಕಗಳ ಜೊತೆ ಈ ಬಣ್ಣದ ಚೌಕಗಳನ್ನೂ ಎಣಿಸಿ ಕೂಡಿಸಿದರೆ ನಿಜವಾಗಿ ಎಷ್ಟು ಗುಂಟೆ ಹೋಯಿತು ಅಂತ ಗೊತ್ತಾಗುತ್ತದೆ.

ಈ ನಕ್ಷೆಯನ್ನು ಬಳಸಬೇಕಾದ ಸಮಯ ಬಹಳ ಮುಖ್ಯ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಪ್ರಕಾರ ಮೊದಲು ಬರುವುದು '3ಎ' ಕಲಂನ ಅಧಿಸೂಚನೆ, ಅಂದರೆ ಇಂಥ ಜಮೀನು ರಸ್ತೆಗೆ ಬೇಕು ಅನ್ನುವ ಪ್ರಕಟಣೆ. ಅದರ ಸಾರಾಂಶ ಸ್ಥಳೀಯ ಪತ್ರಿಕೆಗಳಲ್ಲೂ ಬರುತ್ತದೆ. ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಬರಹದಲ್ಲಿ ಕೊಡಬೇಕು. ಮೋರಿ, ಅಂಡರ್‌ಪಾಸ್, ರಸ್ತೆಯಡಿ ಪೈಪ್ ದಾಟಿಸುವ ಜಾಗ ಯಾವುದು ಬೇಕೋ ನಕ್ಷೆ ಸಮೇತ ಆಗಲೇ ಕೇಳಿ. ಮಣ್ಣು ಸುರಿದ ಮೇಲೆ ಕೇಳಿದರೆ ಕಷ್ಟ. ಮುಂದಿನ '3ಡಿ' ಅಧಿಸೂಚನೆ ಪ್ರಕಟವಾದರೆ ನೆಲ ಕೇಂದ್ರ ಸರ್ಕಾರದ್ದು.

ಪರಿಹಾರ ನಿಗದಿ ಅದೇ ಕಾಯ್ದೆಯ '3ಜಿ' ಹಂತದಲ್ಲಿ. ಹೊಲ ತುಂಡಾದದ್ದರಿಂದ ಉಳಿದ ನೆಲಕ್ಕಾಗುವ ನಷ್ಟವನ್ನೂ ಗಣನೆಗೆ ತೆಗೆದುಕೊಳ್ಳಬೇಕು ಅಂತ ಅಲ್ಲೇ ಬರೆದಿದೆ. ಆದರೂ ಎಷ್ಟೋ ಜನ ಕೇಳುವುದೇ ಇಲ್ಲ. ನಮ್ಮ ದೊಡ್ಡಪ್ಪ ಅರ್ಜಿಯಲ್ಲಿ ತೆಂಗಿನ ಮರಗಳನ್ನು ಒಂದೊಂದಾಗಿ ಎಣಿಸಿ ಬರೆದರು, ಆಚೆಯ ತುಂಡನ್ನು ಬರೆಯಲಿಲ್ಲ. ಈಗ ಅಲ್ಲಿ ಲಂಟಾನ ತುಂಬಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಬಳಿ ಹೋಗಬಹುದು.

ಅಧಿಕಾರಿಗಳು ಸೇರಿ ಹೊಲ ಅಳೆಯುವ ಜಂಟಿ ಸರ್ವೆಯ ದಿನ ಮನೆಯವರೊಬ್ಬರು ಹೊಲದಲ್ಲಿ ಇರಲೇಬೇಕು. ಗಡಿಕಲ್ಲು ನೆಟ್ಟ ಜಾಗವನ್ನು ಬೋರ್‌ವೆಲ್‌ನಿಂದ ಟೇಪ್ ಹಿಡಿದು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳಿ. ಎಲ್ಲ ಮುಗಿದ ಮೇಲೆ ಹೊಸ ಪಹಣಿ ತೆಗೆಸಿ, ಉಳಿದ 32 ಗುಂಟೆ ನಿಮ್ಮ ಹೆಸರಲ್ಲೇ ಸರಿಯಾಗಿ ಬಂದಿದೆಯಾ ನೋಡಿ.