ಗಂಜಲ ನೋಡಿ ಹಾಲುಜ್ವರ ತಡೆದೆ: ನನ್ನ ಅನುಭವ

ಕಳೆದ ನಾಲ್ಕು ವರ್ಷಗಳಲ್ಲಿ ನನ್ನ ಕೊಟ್ಟಿಗೆಯಲ್ಲಿ ಸುಮಾರು 40 ಸಲ ಹಸುಗಳು ಕರು ಹಾಕಿವೆ. ಹಾಲುಜ್ವರದಿಂದ (ಕರು ಹಾಕುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಹಸು ಏಳಲಾಗದಂತಾಗುವ ರೋಗ) ನೆಲ ಹಿಡಿದದ್ದು ಒಂದೇ ಒಂದು. ಅದಕ್ಕೂ ಹಿಂದಿನ ವರ್ಷ ಕರು ಹಾಕಿದ ಒಂಬತ್ತರಲ್ಲಿ ನಾಲ್ಕು ಮಲಗಿದ್ದವು. ಅವುಗಳಲ್ಲಿ ನಾಲ್ಕನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವೊಂದು, ರಾತ್ರಿ ಕರು ಹಾಕಿ, ಬೆಳಗ್ಗೆ ವೈದ್ಯರು ಬರುವಷ್ಟರಲ್ಲಿ ಪ್ರಾಣ ಬಿಟ್ಟಿತ್ತು. ಸುಮಾರು 80 ಸಾವಿರ ರೂಪಾಯಿಯ ಹಸು. ಉಳಿದ ಮೂರಕ್ಕೆ ಡ್ರಿಪ್ಪು, ಓಡಾಟ, ಕೈತಪ್ಪಿದ ಹಾಲು ಎಲ್ಲ ಸೇರಿ ಇನ್ನೂ 15 ಸಾವಿರ ಹೋಗಿರಬೇಕು.

ಆ ವರ್ಷ ನಾನು ಮಾಡಿದ ತಪ್ಪನ್ನು ನಮ್ಮಲ್ಲಿ ಬಹುತೇಕರು ಈಗಲೂ ಮಾಡುತ್ತಿದ್ದಾರೆ. ಕ್ಯಾಲ್ಸಿಯಂ ಕೊರತೆಯ ರೋಗವಾದ್ದರಿಂದ ಗಬ್ಬದ ಕೊನೆಯ ತಿಂಗಳು ದಿನವೂ ದ್ರವ ಕ್ಯಾಲ್ಸಿಯಂ ಕುಡಿಸಿದೆ. ಒಂದು ಲೀಟರು ಗಿಣ್ಣುಹಾಲಿನಲ್ಲಿ 2 ಗ್ರಾಂಗೂ ಮೀರಿ ಕ್ಯಾಲ್ಸಿಯಂ ಹೊರಟುಹೋಗುತ್ತದೆ. ಹಸುವಿನ ರಕ್ತದ ಪ್ಲಾಸ್ಮಾದಲ್ಲಿ ಒಂದು ಹೊತ್ತಿಗೆ ಇರುವುದೇ ಸುಮಾರು 3 ಗ್ರಾಂ. ಈ ಅಂತರವನ್ನು ತುಂಬಬೇಕಾದದ್ದು ಪ್ಯಾರಾಥೈರಾಯ್ಡ್ ಹಾರ್ಮೋನು. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ ಮತ್ತು ಮೂತ್ರಪಿಂಡದಲ್ಲಿ ವಿಟಮಿನ್ ಡಿಯನ್ನು ಚುರುಕಾದ ರೂಪಕ್ಕೆ ತರುತ್ತದೆ. ಆ ವಿಟಮಿನ್ನಿನಿಂದ ಕರುಳಿನ ಜೀವಕೋಶಗಳು ಕ್ಯಾಲ್ಸಿಯಂ ಸಾಗಿಸಲು ಸಜ್ಜಾಗುವುದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಮೊದಲೇ ಬಾಯಿಗೆ ಸುರಿಯುತ್ತಿದ್ದರೆ ಈ ವ್ಯವಸ್ಥೆ ಮಲಗಿಯೇ ಇರುತ್ತದೆ. ನನ್ನ ಹಣ ಹಸುವನ್ನು ಕಾಯುವ ಬದಲು ರೋಗವನ್ನೇ ಬೆಳೆಸಿತ್ತು.

ಈ ವ್ಯವಸ್ಥೆಯನ್ನು ಮೊದಲೇ ಎಬ್ಬಿಸಲು ಗಬ್ಬದ ಕೊನೆಯಲ್ಲಿ ಕ್ಲೋರೈಡ್, ಸಲ್ಫೇಟ್ ಲವಣ (ಮುಂದೆ ‘ಉಪ್ಪು’ ಎಂದಿರುವುದು ಇದನ್ನೇ, ಅಡುಗೆ ಉಪ್ಪನ್ನಲ್ಲ) ತಿನ್ನಿಸಿ ರಕ್ತವನ್ನು ಸ್ವಲ್ಪ ಆಮ್ಲದ ಕಡೆಗೆ ತಿರುಗಿಸುವ ಉಪಾಯ ಹೊಸದಲ್ಲ. ನಾರ್ವೆಯಲ್ಲಿ ಅದು ಬಹಳ ಹಿಂದೆಯೇ ಶುರುವಾಗಿತ್ತು. 1984ರಲ್ಲಿ ಕೆನಡಾದ ಸಂಶೋಧಕ ಎಲಿಯಟ್ ಬ್ಲಾಕ್ ಪ್ರಕಟಿಸಿದ ಪ್ರಯೋಗದಲ್ಲಿ ಸಾಧಾರಣ ಮೇವಿನ ಹಸುಗಳಲ್ಲಿ ಅರ್ಧದಷ್ಟಕ್ಕೆ ಹಾಲುಜ್ವರ ಬಂದಿದ್ದರೆ, ಕ್ಲೋರೈಡ್ ಮತ್ತು ಸಲ್ಫೇಟ್ ಹೆಚ್ಚಿದ್ದ ಮೇವಿನವುಗಳಲ್ಲಿ ಒಂದಕ್ಕೂ ಬರಲಿಲ್ಲ. ಮೇವಿನಲ್ಲಿ ಪೊಟ್ಯಾಸಿಯಂ ಹೆಚ್ಚಾಗಿ ರಕ್ತ ಕ್ಷಾರದ ಕಡೆಗೆ ವಾಲಿದರೆ ಮೂಳೆಯೂ ಮೂತ್ರಪಿಂಡವೂ ಹಾರ್ಮೋನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ನಮ್ಮ ಕಡೆಯ ಸಣ್ಣ ಕೊಟ್ಟಿಗೆಗಳಲ್ಲಿ ಇದು ನಡೆಯದು ಎಂದು ಪಶುವೈದ್ಯರೊಬ್ಬರು ಹೇಳಿದರು. ಉಪ್ಪು ತಿನ್ನಿಸಿ ಹಸು ಕೊಲ್ಲುತ್ತೀಯ ಎಂದು ನಮ್ಮಣ್ಣ ಬೈದ.

ಮೊದಲ ಸಲ ಅಣ್ಣನ ಮಾತೇ ನಿಜವಾಗುವಂತಿತ್ತು. ಅಮೋನಿಯಂ ಕ್ಲೋರೈಡನ್ನು ಒಂದೇ ದಿನ 100 ಗ್ರಾಂ ಹಾಕಿದೆ. ಅದು ಬಹಳ ಕಹಿ. ಹಸು ನಾಲ್ಕು ದಿನ ಬೂಸಾ ಮುಟ್ಟಲಿಲ್ಲ. ಗಬ್ಬದ ಕೊನೆಯಲ್ಲಿ ಮೇವು ಬಿಟ್ಟರೆ ಕೀಟೋಸಿಸ್ (ಮೈಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಹೆಚ್ಚುವ ರೋಗ) ಕಾದಿರುತ್ತದೆ ಎಂದು ಹೆದರಿ ನಿಲ್ಲಿಸಿಬಿಟ್ಟೆ. ಎರಡನೆಯ ಹಸುವಿಗೆ 25 ಗ್ರಾಂನಿಂದ ಆರಂಭಿಸಿ ವಾರದೊಳಗೆ 100ಕ್ಕೆ ಏರಿಸಿದೆ, ಜೊತೆಗೆ 50 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ತಿಂದಿತು. ರಕ್ತ ಆಮ್ಲದ ಕಡೆಗೆ ತಿರುಗಿದರೆ ಗಂಜಲದ ಪಿಎಚ್ (ಆಮ್ಲ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಆಮ್ಲ) ಇಳಿಯಬೇಕು, ಆದರೆ ಅದು 8ರಿಂದ ಇಳಿಯಲೇ ಇಲ್ಲ. ಕಾರಣ ನೇಪಿಯರ್ ಹುಲ್ಲು ಎಂದು ತಿಳಿಯಲು ಸಮಯ ಹಿಡಿಯಿತು. ಸ್ಲರಿ (ಸಗಣಿ-ಗಂಜಲದ ನೀರು) ಹರಿಸಿದ ಹುಲ್ಲು ಮಣ್ಣಿನ ಪೊಟ್ಯಾಸಿಯಂ ಅನ್ನು ತನಗೆ ಬೇಕಾದುದಕ್ಕಿಂತ ಹೆಚ್ಚು ಹೀರಿಟ್ಟುಕೊಳ್ಳುತ್ತದೆ.

ಇದನ್ನು ನೋಡಲೆಂದೇ ನೇಪಿಯರ್ ಹೊಲದ ಎರಡು ಗುಂಟೆಗೆ ಒಂದು ವರ್ಷ ಸ್ಲರಿ ನಿಲ್ಲಿಸಿದೆ. ಉಪ್ಪಿನ ಪ್ರಮಾಣ ಒಂದೇ ಇದ್ದರೂ ಸ್ಲರಿ ಹುಲ್ಲು ತಿಂದಾಗ ಪಿಎಚ್ 7.5ರ ಆಸುಪಾಸಿನಲ್ಲೇ ನಿಂತಿತು, ಇನ್ನೊಂದನ್ನು ತಿಂದಾಗ 6.8ಕ್ಕೆ ಬಂತು. ಈಗ ಕೊನೆಯ ಮೂರು ವಾರ ನೇಪಿಯರ್ ಬಹುತೇಕ ಬಂದ್. ಜೋಳದ ಸೈಲೇಜು, ಒಣಹುಲ್ಲು, ಹಿಂಡಿ ಮಾತ್ರ.

ಗಂಜಲದ ಪಿಎಚ್ ಎಚ್‌ಎಫ್‌ಗೆ 6.2ರಿಂದ 6.8, ಜೆರ್ಸಿ ಮಿಶ್ರತಳಿಗೆ 5.8ರಿಂದ 6.3 ಬಂದರೆ ಸಾಕು. ಒಮ್ಮೆ 5.3ಕ್ಕೆ ಇಳಿದು ಹಸು ಮಂಕಾದಾಗ ಉಪ್ಪನ್ನು ಅರ್ಧಕ್ಕಿಳಿಸಿದೆ. ಎರಡು ದಿನದಲ್ಲಿ ಚೇತರಿಸಿಕೊಂಡಿತು. ಗಂಜಲವನ್ನು ಮೇವು ಹಾಕಿದ ಎರಡು ಮೂರು ಗಂಟೆಯ ನಂತರ, ದಿನವೂ ಅದೇ ಹೊತ್ತಿಗೆ ಹಿಡಿಯಬೇಕು. ಯೋನಿಯ ಕೆಳಗೆ ಮೃದುವಾಗಿ ಸವರಿದರೆ ನಿಂತಲ್ಲೇ ಹೊಯ್ಯುತ್ತದೆ. ಲಿಟ್ಮಸ್ ಕಾಗದದಿಂದ ಪ್ರಯೋಜನವಿಲ್ಲ. ಅರ್ಧ ಅಂಕದ ವ್ಯತ್ಯಾಸ ತೋರಿಸುವ ಪಟ್ಟಿಯೇ ಬೇಕು. ಕಹಿ ಮುಚ್ಚಲು ಬೆಲ್ಲ ಬಳಸುತ್ತೇನೆ, ಅದರ ಜೊತೆ ಇನ್ನೊಂದು ವಸ್ತುವೂ ಇದೆ. ಅದನ್ನೂ ಬೆರೆಸುವ ಕ್ರಮವನ್ನೂ ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ಆದ್ದರಿಂದ ಅಷ್ಟನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲ ಸೂಲಿನ ಕಡಸುಗಳಿಗೆ ಈ ರೋಗ ಅಪರೂಪ. ಅವಕ್ಕೆ ಕೊಟ್ಟು ಹಣ ಕಳೆಯಬೇಡಿ. ಕರು ಹಾಕಿದ ದಿನವೇ ಉಪ್ಪು ನಿಲ್ಲಿಸಿ ಬಾಯಿಯ ಕ್ಯಾಲ್ಸಿಯಂ ಶುರುಮಾಡುತ್ತೇನೆ. ಪಟ್ಟಿಯೂ ಸೇರಿ ಒಂದು ಹಸುವಿಗೆ 400 ರೂಪಾಯಿ ಮೀರಿದ್ದಿಲ್ಲ. ನಡೆಯದು ಎಂದಿದ್ದ ವೈದ್ಯರು ಹೋದ ವರ್ಷ ಇಬ್ಬರು ರೈತರನ್ನು ನನ್ನ ಕೊಟ್ಟಿಗೆಗೆ ಕಳುಹಿಸಿದ್ದರು.

ನೆಲ ಹಿಡಿದ ಆ ಒಂದು ಹಸು ದಿನ ತುಂಬುವ ಮೊದಲೇ ಕರು ಹಾಕಿತ್ತು. ಉಪ್ಪು ಸಿಕ್ಕಿದ್ದು ನಾಲ್ಕೇ ದಿನ, ಗಂಜಲ ಇನ್ನೂ 7.4ರಲ್ಲಿತ್ತು. ಒಂದು ಬಾಟಲಿ ಕ್ಯಾಲ್ಸಿಯಂ ಬೋರೋಗ್ಲೂಕೋನೇಟ್ ರಕ್ತನಾಳಕ್ಕೆ ನಿಧಾನವಾಗಿ ಏರಿಸಿದ ಮೇಲೆ ಎದ್ದು ನಿಂತಿತು. ಅಂದಿನಿಂದ ಕರು ಹಾಕಬೇಕಾದ ದಿನಕ್ಕೆ 21 ದಿನದ ಬದಲು 26 ದಿನ ಮೊದಲೇ ಉಪ್ಪು ಶುರುಮಾಡುತ್ತಿದ್ದೇನೆ.