ದೊಡ್ಡ ಆರ್‌ಸಿ ಬಗ್ಗಿ ತಗೊಳ್ಳೋ ಮುಂಚೆ

1/5 ಸ್ಕೇಲ್ (ನಿಜವಾದ ಗಾಡಿಯ ಐದನೇ ಒಂದರಷ್ಟು ಗಾತ್ರದ) ಎಲೆಕ್ಟ್ರಿಕ್ ಬಗ್ಗಿ, ಅಂದರೆ ರಿಮೋಟ್‌ನಲ್ಲಿ ಓಡಿಸೋ ಆಫ್‌ರೋಡ್ ಕಾರು, ತೆಗೆದುಕೊಳ್ಳಬೇಕು ಅಂತಿದ್ದೀರಾ? ಮೊದಲು ಎಲ್ಲಿ ಓಡಿಸುತ್ತೀರಿ ಅಂತ ಯೋಚಿಸಿ.

ರೇಸ್ ಆಸೆ ಇದ್ದರೆ 1/8 ಸ್ಕೇಲೇ ಸರಿ. ಹೆಚ್ಚಿನ ಕಡೆ ಎಲೆಕ್ಟ್ರಿಕ್ ಬಗ್ಗಿ ರೇಸ್ ನಡೆಯುವುದು ಅದರಲ್ಲೇ, 4ಎಸ್ (ನಾಲ್ಕು ಸೆಲ್ ಸಾಲಾಗಿ ಜೋಡಿಸಿದ) ಬ್ಯಾಟರಿಯಲ್ಲಿ. ಬಿಡಿಭಾಗವೂ ಅಗ್ಗ.

ಸುಮ್ನೆ ಹಾರಿಸಿ ಬೀಳಿಸಿ ಮಜಾ ಮಾಡೋದಾದರೆ ದೊಡ್ಡದು ತಗೊಳ್ಳಿ. ಆದರೆ ಲೋಸಿ ಡಿಬಿಎಕ್ಸ್‌ಎಲ್-ಇ ಥರದ ಗಾಡಿಗೆ 8ಎಸ್ ಬೇಕು. ಅಂದರೆ ಎರಡು 4ಎಸ್ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ಸೇರಿ 29.6 ವೋಲ್ಟ್. ಎರಡು ಬ್ಯಾಟರಿ, ಒಳ್ಳೆ ಚಾರ್ಜರ್ ಎಲ್ಲ ಸೇರಿಸಿಯೇ ಬಜೆಟ್ ಹಾಕಿ.

ನಮ್ಮ ಕಡೆ ಎಲ್ಲರ ಕಣ್ಣೂ ಪಣಂಬೂರು, ಮಲ್ಪೆ ಬೀಚ್ ಮೇಲೆ. ನನ್ನ ಕೇಳಿದರೆ ಬೇಡ. ವಾಟರ್‌ಪ್ರೂಫ್ ಅಂತ ಬರೆದಿರುವುದು ಎಲೆಕ್ಟ್ರಾನಿಕ್ಸ್‌ಗೆ, ಬೇರಿಂಗ್‌ಗಲ್ಲ. ಉಪ್ಪು ನೀರು ತಾಗಿದರೆ ಬೇರಿಂಗ್, ಸ್ಕ್ರೂ ಎಲ್ಲ ತುಕ್ಕು. ಒಣ ಮರಳಲ್ಲಿ ಚಕ್ರ ಹೂತು ಮೋಟಾರ್ ಬಿಸಿಯಾಗುತ್ತದೆ. ಮೇಲಾಗಿ ಭಾನುವಾರದ ಜನಜಂಗುಳಿ! ಇಷ್ಟು ಭಾರದ ಗಾಡಿ ವೇಗದಲ್ಲಿ ಬಂದು ಬಡಿದರೆ ಮಕ್ಕಳ ಕಾಲು ಮುರಿಯಬಹುದು. ಕೊಯ್ಲು ಮುಗಿದ ಗದ್ದೆ ಎಷ್ಟೋ ವಾಸಿ, ಗದ್ದೆಯವರನ್ನು ಕೇಳಿ ಇಳಿಯಿರಿ. ಹುಲ್ಲು ಜಾಸ್ತಿ ಇದ್ದರೆ ಒಂದೆರಡು ಹಲ್ಲು ಕಡಿಮೆ ಇರುವ ಪಿನಿಯನ್ (ಮೋಟಾರ್‌ಗೆ ಹಾಕುವ ಪುಟ್ಟ ಗಿಯರ್) ಹಾಕಿ, ಮೋಟಾರ್ ತಣ್ಣಗಿರುತ್ತದೆ.

ಮಳೆಗಾಲದಲ್ಲಿ ಗಾಡಿ ಮೂಲೆ ಸೇರುತ್ತದೆ ಅಲ್ವಾ, ಆಗ ಲಿಪೊವನ್ನು ಫುಲ್ ಚಾರ್ಜಲ್ಲಿ ಇಡಬೇಡಿ. ಸೆಲ್‌ಗೆ 3.8 ವೋಲ್ಟ್ ಆಸುಪಾಸು ಇರಲಿ.