ಮಳೆಗಾಲಕ್ಕೆ ಮುನ್ನ ಹಂಚಿನ ಮಾಡಿನ ದುರಸ್ತಿ

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಮನೆಗಳಿಗೆ ವ್ಯಾಪಕವಾಗಿ ಬಂದ ಹಂಚಿನ ಮಾಡು ಬಹುಕಾಲ ಬಾಳುತ್ತದೆಯಾದರೂ, ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ ಅದನ್ನು ಪರೀಕ್ಷಿಸಲೇಬೇಕು.

ಪರೀಕ್ಷೆಯನ್ನು ಒಳಗಿನಿಂದಲೇ ಆರಂಭಿಸುವುದು ಒಳ್ಳೆಯದು. ನಡುಹಗಲಿನಲ್ಲಿ ಅಟ್ಟ ಹತ್ತಿ, ದೀಪ ಆರಿಸಿ ನಿಂತರೆ, ಒಡೆದ ಅಥವಾ ಜಾರಿದ ಹಂಚಿನ ಸಂದಿಯಿಂದ ಬೆಳಕಿನ ಚುಕ್ಕಿ ಕಾಣಿಸುತ್ತದೆ. ನೀರು ಹಂಚಿನ ಅಡಿಯಲ್ಲೋ ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ಗುಂಟವೋ ಇಳಿದು ಬಂದು ತೊಟ್ಟಿಕ್ಕುವುದರಿಂದ, ಸೋರಿಕೆಯ ಮೂಲವನ್ನು ನೀರು ಬೀಳುವ ಜಾಗಕ್ಕಿಂತ ಮೇಲಕ್ಕೆ ಹುಡುಕಬೇಕು. ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಹೊಕ್ಕರೆ ಗೆದ್ದಲೋ ಕೊಳೆಯೋ ಹಿಡಿದಿದೆ ಎಂದರ್ಥ, ಅಂಥ ರೀಪನ್ನು ಬದಲಿಸದೆ ಹಂಚು ಹೊದಿಸುವುದು ವ್ಯರ್ಥ.

ಒಡೆದ ಹಂಚನ್ನು ತೆಗೆಯಲು ಅದರ ಮೇಲಿನ ಸಾಲಿನ ಹಂಚುಗಳನ್ನು ಸ್ವಲ್ಪ ಎತ್ತಿ ಹಿಡಿದು, ಕೆಳಗಿನದನ್ನು ಬಿಡಿಸಿ, ಹೊಸ ಹಂಚಿನ ಅಡಿಯಲ್ಲಿ ಚಾಚಿರುವ ಮೂತಿ ರೀಪಿಗೆ ಸಿಕ್ಕುವಂತೆ ಕೂರಿಸಬೇಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಗಟ್ಟಿ ಹಂಚು ಕಣಕಣ ಎನ್ನುತ್ತದೆ, ಬಿರುಕಿನದು ಮಂದ ದನಿ ಕೊಡುತ್ತದೆ. ಕಾರ್ಖಾನೆ ಬೇರೆಯಾದರೆ ಒಂದಕ್ಕೊಂದು ಕೂರುವ ಅಂಚಿನ ಗಾಡಿಗಳು (ತೋಡುಗಳು) ಹೊಂದದಿರಬಹುದಾದ್ದರಿಂದ, ಕೊಳ್ಳುವಾಗ ಹಳೆಯದೊಂದನ್ನು ಮಾದರಿಯಾಗಿ ಒಯ್ಯಿರಿ. ಕೆಡವಿದ ಹಳೆ ಮನೆಯ ಹಂಚು ಸಿಕ್ಕರೆ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಪಾಚಿಯನ್ನು ಒಣಗಿದ ಮೇಲೆ ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮಾಡಿನ ಮೇಲೆ ಏಣಿಯನ್ನು ಮಲಗಿಸಿ ಅದರ ಮೇಲೆಯೇ ಕಾಲಿಡಿ. ಹಂಚು ಒದ್ದೆಯಿದ್ದ ದಿನ ಹತ್ತಲೇಬೇಡಿ.